ಬೆನ್ನ ಮೇಲಿನ ಕೈ

ಕಳೆದ ಜೂನ್ 21ರ ಯೋಗ ದಿನದಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಒಂದು ಭಾವಚಿತ್ರ ಕಳುಹಿಸಿದ್ದ. ಅವನೂ ಅವನ ಪತ್ನಿಯೂ ಹುಲ್ಲಿನ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಕುಳಿತಿದ್ದಾರೆ. ಅವನು ಮುಂದಕ್ಕೆ ಬಾಗಿದ್ದಾನೆ, ಆಕೆ ಅವನ ಬೆನ್ನಿನ ಮೇಲೆ ಹಿಂದಕ್ಕೆ ಒರಗಿದ್ದಾಳೆ. "ಇದಕ್ಕೆ ಜೋಡಿ ಯೋಗ ಅಂತಾರೆ ಸಾರ್. ಇದೂ ಯೋಗವೇ?" ಎಂದು ಕೇಳಿದ್ದ. ಎರಡು ಸಾಲಿನಲ್ಲಿ ಉತ್ತರಿಸಲು ಹೊರಟವನು, ಮೂವತ್ತು ವರ್ಷಗಳಿಗೂ ಹಿಂದಿನ ಸಂಗತಿಯೊಂದು ನೆನಪಾಗಿ ಸುಮ್ಮನಾದೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಸನವು ಏಕಾಂತದ ಸಾಧನೆ, ಅಲ್ಲಿ ಇನ್ನೊಬ್ಬರ ಕೈ ಸೋಕಬಾರದು ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪಲಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು 1943ರಲ್ಲಿ ರಮಾಮಣಿಯವರನ್ನು ವಿವಾಹವಾದಾಗ ಆಕೆಗೆ ಯೋಗದ ಪರಿಚಯವಿರಲಿಲ್ಲ. ತಮ್ಮ ಅಭ್ಯಾಸಕ್ಕೆ ನೆರವಾಗಲೆಂದು ಅಯ್ಯಂಗಾರರೇ ಪತ್ನಿಗೆ ಕಲಿಸಿದರು. 1975ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಸ್ಥೆಗೆ, ಅಷ್ಟರಲ್ಲಿ ತೀರಿಕೊಂಡಿದ್ದ ಆಕೆಯ ಹೆಸರನ್ನೇ ಇಟ್ಟರು. ಇದೇ ಅಯ್ಯಂಗಾರರು, ಹದಿಹರೆಯದಲ್ಲಿ ಗುರುವೂ ಭಾವನೂ ಆಗಿದ್ದ ಕೃಷ್ಣಮಾಚಾರ್ಯರ ಆಜ್ಞೆಗೆ ತಲೆಬಾಗಿ, ಅಭ್ಯಾಸವಿಲ್ಲದ ಹನುಮಾನಾಸನವನ್ನು ಮಾಡಲು ಹೋಗಿ ತೊಡೆಯ ಹಿಂಬದಿಗೆ ಪೆಟ್ಟು ಮಾಡಿಕೊಂಡದ್ದನ್ನೂ ಹೇಳಿಕೊಂಡಿದ್ದಾರೆ. ಆಸರೆಯ ಕೈ ಒಂದು, ಆಜ್ಞೆಯ ಕೈ ಇನ್ನೊಂದು. ನಾನು ಬಹುಕಾಲ ಎರಡನೆಯದಕ್ಕೆ ಸೇರಿದವನಾಗಿದ್ದೆ.

1991ರ ಮಾತು. ದೈಹಿಕ ಶಿಕ್ಷಕರು ದೀರ್ಘ ರಜೆಯಲ್ಲಿದ್ದುದರಿಂದ ಹತ್ತನೆಯ ತರಗತಿಯ ಪಿ.ಟಿ. ಪಿರಿಯಡ್ ನನ್ನ ಪಾಲಿಗೆ ಬಂದಿತ್ತು. ಬಿ.ಎಡ್. ಓದುವಾಗ ಕಲಿತ ನಾಲ್ಕಾರು ಆಸನಗಳೇ ನನ್ನ ಬಂಡವಾಳ. ಹುಡುಗರನ್ನು ಇಬ್ಬಿಬ್ಬರಂತೆ ಕೂರಿಸಿ ಪಶ್ಚಿಮೋತ್ತಾನಾಸನ ಮಾಡಿಸಿದೆ: ಒಬ್ಬ ಕಾಲು ಚಾಚಿ ಬಾಗಬೇಕು, ಇನ್ನೊಬ್ಬ ಹಿಂದಿನಿಂದ ಬೆನ್ನು ಒತ್ತಬೇಕು. ಒಬ್ಬ ಹುಡುಗನ ಹಣೆ ಮಂಡಿಯಿಂದ ಒಂದು ಗೇಣು ದೂರದಲ್ಲೇ ನಿಂತಿತು. ಹಿಂದಿದ್ದವನನ್ನು ಸರಿಸಿ ನಾನೇ ಎರಡೂ ಕೈಯಿಟ್ಟು ಒತ್ತಿದೆ. "ಅಮ್ಮಾ" ಎಂದ. "ಸಹಿಸಿಕೋ" ಎಂದೆ. ಹಣೆ ಮಂಡಿಗೆ ತಾಗಿತು, ಉಳಿದವರು ಚಪ್ಪಾಳೆ ತಟ್ಟಿದರು.

ಮರುದಿನದಿಂದ ಅವನು ಬರಲಿಲ್ಲ. ಮೂರು ವಾರಗಳ ನಂತರ, ಪುಸ್ತಕದ ಚೀಲವನ್ನು ತಮ್ಮನ ಹೆಗಲಿಗೆ ಹಾಕಿಸಿ ಬಂದ. ಬೆಂಚಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂರುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ತಪ್ಪಾಯ್ತು ಸಾರ್, ನಾನೇ ಸರಿಯಾಗಿ ಕೂತಿರ್ಲಿಲ್ಲ" ಎಂದ. ನಾನು ತಲೆಯಾಡಿಸಿ ಹಾಜರಿ ಕರೆಯತೊಡಗಿದೆ. ಆ ತಲೆಯಾಡಿಸುವಿಕೆಗೆ ನನ್ನಲ್ಲಿ ಈಗಲೂ ಸಮರ್ಥನೆಯಿಲ್ಲ.

ಅಂದು ನನಗೆ ತಿಳಿಯದಿದ್ದುದು ಇಷ್ಟು. ಆ ಆಸನದಲ್ಲಿ ದೇಹ ಬಾಗಬೇಕಾದುದು ಸೊಂಟದ ಕೀಲಿನಿಂದ. ತೊಡೆಯ ಹಿಂಬದಿಯ ಸ್ನಾಯು ಬಿಗಿಯಾಗಿದ್ದರೆ ಅದು ಪೃಷ್ಠದ ಎಲುಬನ್ನು ಹಿಡಿದೆಳೆದು ಮುಂದಕ್ಕೆ ವಾಲಗೊಡುವುದಿಲ್ಲ. ಆಗ ಬೆನ್ನು ಒತ್ತಿದರೆ ನಡುಬೆನ್ನು ಗೂನಾಗಿ, ಭಾರವೆಲ್ಲ ಕೆಳಬೆನ್ನಿನ ಮಣಿಗಳ ನಡುವಿನ ಮೆತ್ತೆಗಳ ಮೇಲೆ ಬೀಳುತ್ತದೆ. ಹಠಾತ್ತನೆ ಎಳೆದ ಸ್ನಾಯು ತನ್ನನ್ನು ರಕ್ಷಿಸಿಕೊಳ್ಳಲು ಇನ್ನಷ್ಟು ಸೆಟೆಯುತ್ತದೆ. ಒತ್ತುವವನು ಅದನ್ನು ಸೋಮಾರಿತನವೆಂದು ತಿಳಿದು ಮತ್ತೂ ಒತ್ತುತ್ತಾನೆ. ವಯಸ್ಸಾಗಿ ಮೂಳೆ ಸವೆದವರಲ್ಲಿ ಇಂಥ ಒತ್ತಡದಿಂದ ಬೆನ್ನೆಲುಬಿನ ಮಣಿಯೇ ಮುರಿಯಬಹುದು. ನೋವು ಎಲ್ಲಿಯವರೆಗೆ ಬಂದಿದೆ ಎಂಬುದು ಬಾಗಿದವನಿಗೆ ಗೊತ್ತು, ಒತ್ತುವವನಿಗೆ ಗೊತ್ತಿಲ್ಲ. ಆದ್ದರಿಂದ ಜೋಡಿಯಾಗಿ ಮಾಡುವಾಗ "ಸಾಕು" ಎನ್ನುವ ಅಧಿಕಾರ ಸಂಪೂರ್ಣವಾಗಿ ಬಾಗಿದವನದು. ಗಂಡ, ಗುರು, ಹಿರಿಯ ಎಂಬ ಯಾವ ಸ್ಥಾನವೂ ಅದನ್ನು ಕಸಿದುಕೊಳ್ಳಕೂಡದು. ಆಸನ ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದವನು ಪತಂಜಲಿಯಲ್ಲವೇ? ಆ ಸುಖವನ್ನು ಇನ್ನೊಬ್ಬರ ಪರವಾಗಿ ಅಳೆಯುವುದು ಹೇಗೆ?

ಇದನ್ನು ನನಗೆ ಕಲಿಸಿದವಳು ನನ್ನ ಮನೆಯಾಕೆ. ಅವಳಿಗೆ ಮಂಡಿನೋವು, ನನಗೆ ತಲೆ ತಿರುಗುವ ಭಯ. ನಾಲ್ಕು ವರ್ಷಗಳಿಂದ ಬೆಳಗ್ಗೆ ಪಡಸಾಲೆಯಲ್ಲಿ ಜಮಖಾನ ಹಾಸಿ ಒಟ್ಟಿಗೆ ಅಭ್ಯಾಸ ಮಾಡುತ್ತೇವೆ. ವೃಕ್ಷಾಸನಕ್ಕೆ ಅಕ್ಕಪಕ್ಕದಲ್ಲಿ ನಿಂತು ಅಂಗೈಗೆ ಅಂಗೈ ಜೋಡಿಸುತ್ತೇವೆ. ಒಬ್ಬರೇ ನಿಂತರೆ ಇಬ್ಬರೂ ಉರುಳುವವರೇ. ಕಾಲು ಅಗಲಿಸಿ ಎದುರುಬದುರು ಕುಳಿತು ಬಾಗುವಾಗ ಟವೆಲಿನ ಒಂದೊಂದು ತುದಿ ಹಿಡಿಯುತ್ತೇವೆ. ಮೊದಲ ವಾರದಲ್ಲೇ ಅವಳು, "ರೀ, ನೀವು ಹಿಡ್ಕೊಂಡಿಲ್ಲ, ಎಳೀತಿದ್ದೀರಿ" ಎಂದಳು. ಮೇಷ್ಟ್ರ ಕೈ ಅಷ್ಟು ಬೇಗ ಬದಲಾಗುವುದಿಲ್ಲ. ಈಗ ಅವಳು ಟವೆಲನ್ನು ಸಡಿಲ ಬಿಟ್ಟರೆ ನಾನು ನಿಲ್ಲಿಸಬೇಕು, ಕಾರಣ ಕೇಳಬಾರದು ಎಂಬ ಕರಾರಿದೆ.

ಭಾವಚಿತ್ರ ಕಳುಹಿಸಿದವನಿಗೆ ನನ್ನ ಉತ್ತರ: ಅದೂ ಯೋಗವೇ, ಸಂದೇಹ ಬೇಡ. ಆದರೆ ಮೇಲೆ ಒರಗಿದವರ ಭಾರವನ್ನು ಹೊತ್ತವನು ನೀನು. ಬೆನ್ನು ನೊಂದರೆ ಚಿತ್ರಕ್ಕಾಗಿ ನಗುತ್ತಾ ಕೂರಬೇಡ, ಬಾಯಿಬಿಟ್ಟು ಹೇಳು.

1991ರ ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಿಟಕಿಯ ಪಕ್ಕದ ಮೂರನೆಯ ಬೆಂಚಿನವನನ್ನು ಬಲ್ಲಿರಿ. ಅವನ ವಿಳಾಸವಿದ್ದರೆ ನನಗೆ ತಿಳಿಸಿ. ಅಂದು ಹಾಜರಿ ಕರೆಯುವ ಮುನ್ನ ಆಡಬೇಕಾಗಿದ್ದ ಮಾತೊಂದು ಬಾಕಿಯಿದೆ.