ಸದ್ದನ್ನು ಕೇಳಬಲ್ಲ ಮೆಕ್ಯಾನಿಕ್

ಮೋಟಾರ್ ಸೈಕಲ್ಲಿನ ಹಿಂಚಕ್ರದ ಕಡೆಯಿಂದ ಕಟಕಟ ಸದ್ದು ಬರುತ್ತಿದೆ ಎಂದೊಡನೆ ‘ಚೈನ್ ಸೆಟ್ ಬದಲಾಯಿಸಬೇಕು’ ಎನ್ನುವ ಮೆಕ್ಯಾನಿಕ್ ಉಂಟು. ಸದ್ದು ಏರಿನಲ್ಲಿ ಬರುವುದೋ ಇಳಿಜಾರಿನಲ್ಲೋ ಎಂದು ವಿಚಾರಿಸಿ, ತಾನೇ ಒಂದು ಫರ್ಲಾಂಗು ಓಡಿಸಿ ನೋಡಿದ ಮೇಲಷ್ಟೇ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವವನೂ ಉಂಟು. ಎರಡನೆಯವನೇ ವಿಶ್ವಾಸಾರ್ಹನೆಂಬುದು ನನ್ನ ಮತ. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುವ ಶಿಸ್ತನ್ನೇ ಆತ ಗ್ಯಾರೇಜಿನಲ್ಲಿ ಪಾಲಿಸುತ್ತಾನೆ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಸೀಮೆಯಲ್ಲಿ ಇದು ಬರಿಯ ಹಣದ ಪ್ರಶ್ನೆಯಲ್ಲ. ಮಳೆಗಾಲದ ನೀರು ಚೈನಿನ ಎಣ್ಣೆಯನ್ನು ತೊಳೆಯುತ್ತದೆ. ರಸ್ತೆಯ ಕೆಸರು ಅದರ ಸಂದುಗಳಿಗೆ ಮರಳನ್ನು ತುಂಬುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಚೈನು ತುಂಡಾಗಿ ಹಿಂಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ಒಮ್ಮೆಲೇ ಬಿಗಿದು ಸವಾರನ ಪ್ರಾಣಕ್ಕೇ ಸಂಚಕಾರ ಬಂದೀತು.

‘ಚೈನು ಹಿಗ್ಗಿದೆ’ ಎನ್ನುವುದು ರೂಢಿಯ ಮಾತು. ವಾಸ್ತವವಾಗಿ ಉಕ್ಕು ಹಿಗ್ಗುವುದಿಲ್ಲ; ಕೊಂಡಿಗಳ ಪಿನ್ನೂ ಬುಷ್ಷೂ ಉಜ್ಜಿ ಸವೆದು, ಒಂದೊಂದು ಸಂದಿನ ಸಡಿಲವೂ ಕೂಡಿಕೊಂಡು ಉದ್ದ ಹೆಚ್ಚುತ್ತದೆ. 12.7 ಮಿ.ಮೀ. ಅಂತರದ ಹೊಸ ಚೈನಿನಲ್ಲಿ 20 ಕೊಂಡಿಗಳ ಉದ್ದ 254 ಮಿ.ಮೀ. ಅದು 259ನ್ನು ಮುಟ್ಟಿದರೆ ಸವೆತ ಶೇಕಡ 2ರಷ್ಟಾಯಿತು; ಚೈನಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಇನ್ನು ಸದ್ದಿನ ಲಯ. ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನದಕ್ಕೆ 42, ಚೈನಿಗೆ 112 ಕೊಂಡಿ ಇವೆಯೆನ್ನೋಣ. ಎಂಜಿನ್ ನಿಲ್ಲಿಸಿ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೇರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಟಯರಿನ ಮೇಲೆ ಸೀಮೆಸುಣ್ಣದ ಗುರುತು ಮಾಡಿ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿರಿ. (ಬೆರಳುಗಳು ಚೈನಿನಿಂದ ದೂರವಿರಲಿ.) ಸುತ್ತಿಗೊಮ್ಮೆ ಸದ್ದಾದರೆ ದೋಷ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಇಲ್ಲವೆ ಚಕ್ರದಲ್ಲಿ. ಸುತ್ತಿಗೆ ಮೂರು ಬಾರಿಯಾದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ. ಎಂಟು ಸುತ್ತಿಗೆ ಮೂರೇ ಬಾರಿಯಾದರೆ ಚೈನಿನ ಯಾವುದೋ ಒಂದು ಕೊಂಡಿ ಬಿಗಿದಿದೆ. ಏಕೆಂದರೆ ಚಕ್ರದ ಎಂಟು ಸುತ್ತಿಗೆ 336 ಕೊಂಡಿಗಳು ಸರಿಯುತ್ತವೆ, ಅಂದರೆ ಚೈನು ಸರಿಯಾಗಿ ಮೂರು ಸಲ ಸುತ್ತಿಬರುತ್ತದೆ. ಪ್ರೌಢಶಾಲೆಯ ಅನುಪಾತದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಲಯವಿಲ್ಲದ ಎಡೆಬಿಡದ ಗೊರಗೊರ ಮಾತ್ರ ಬೇರಿಂಗಿನ ಕಡೆಗೆ ಬೆರಳು ತೋರುತ್ತದೆ.

ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ಹೋಗುತ್ತಾ ಕ್ಲಚ್ಚನ್ನು ಹಿಡಿದಾಗಲೂ ಚಕ್ರದ ವೇಗವನ್ನನುಸರಿಸಿ ಸದ್ದು ಉಳಿದರೆ ಅದು ಎಂಜಿನ್ನಿನದಲ್ಲ. ಅಡಗಿದರೆ ತೀರ್ಮಾನಕ್ಕೆ ಅವಸರ ಬೇಡ. ಎಳೆತ ತಪ್ಪಿದಾಗ ಸವೆದ ಚೈನೂ ಸುಮ್ಮನಾಗುವುದುಂಟು.

ಕಂಪನಿಯ ಫಲಕವಿರುವೆಡೆಯಲ್ಲಿ ಮಾತ್ರ ಇಂಥ ಜ್ಞಾನವುಂಟೆಂದು ಭಾವಿಸಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಆ ಮೇಲೂ ಓಡಿದ್ದು ಊರೂರಿನ ಸ್ವತಂತ್ರ ಮೆಕ್ಯಾನಿಕ್ಕುಗಳ ಕೈಚಳಕದಿಂದ. ಅವುಗಳ ಚೈನು ಪೂರ್ತಿ ಕವಚದೊಳಗೆ ಅಡಗಿತ್ತು. ಮೊದಲ ಪರೀಕ್ಷೆಯನ್ನು ಕಿವಿಯಿಂದಲೇ ಮಾಡಬೇಕಿತ್ತು.

ರಿಪೇರಿಯ ಬಳಿಕ ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ; ಸವೆತ ಎಲ್ಲಿದೆಯೆಂದು ಆತನೇ ತೋರಿಸಲಿ. ಅಳೆದು ನೋಡಿದ ಮೇಲೆ ಪೂರ್ತಿ ಸೆಟ್ಟನ್ನೇ ಬದಲಾಯಿಸಬೇಕೆಂದರೆ ಮೋಸವೆಂದು ಸಂಶಯಪಡಬೇಡಿ. ಕೊಕ್ಕೆಯಂತೆ ಬಾಗಿದ ಹಳೆಯ ಹಲ್ಲು ಹೊಸ ಚೈನನ್ನು ಬಹುಬೇಗ ತಿಂದುಹಾಕುತ್ತದೆ.