ಮುತ್ತಲ ಹೂವಿನ ಬಣ್ಣ ಮನೆಯಲ್ಲೇ ಇರಲಿ

ಫಾಲ್ಗುಣ ಬಂತೆಂದರೆ ಚಿಂಚೋಳಿ ತಾಲ್ಲೂಕಿನ ಕುರುಚಲು ಕಾಡು ಎಲೆಯುದುರಿಸಿ ಬೋಳಾಗುತ್ತದೆ. ಆ ಬೋಳು ಕೊಂಬೆಗಳ ನಡುವೆ ಮುತ್ತುಗವೊಂದು ಕೆಂಡದಂತೆ ಹೊತ್ತಿಕೊಳ್ಳುತ್ತದೆ. ನಮ್ಮ ಭಾಗದವರು ಮುತ್ತಲ ಎನ್ನುವ ಈ ಮರದ ಎಲೆ ಪತ್ರಾವಳಿಗೆ, ಹೂವು ಹೋಳಿಯ ಬಣ್ಣಕ್ಕೆ. ಎಲೆಯ ಉಪಯೋಗ ಇನ್ನೂ ಉಳಿದಿದೆ. ಹೂವಿನ ಜಾಗವನ್ನು ಪೊಟ್ಟಣದ ಬಣ್ಣ ಬಹುಪಾಲು ಆಕ್ರಮಿಸಿದೆ.

ಪೊಟ್ಟಣದೊಳಗೆ ಏನಿರಬಹುದು? ಹಸಿರಿಗೆ ಮೈಲುತುತ್ತ, ಕಪ್ಪಿಗೆ ಸೀಸದ ಆಕ್ಸೈಡ್, ಕೆಂಪಿಗೆ ಪಾದರಸದ ಸಲ್ಫೈಡ್ ಬೆರೆಯುತ್ತವೆ ಎಂಬುದನ್ನು ದೆಹಲಿಯ ಪರಿಸರ ಸಂಘಟನೆಗಳು 2000ರ ದಶಕದಲ್ಲಿಯೇ ಎತ್ತಿ ಹೇಳಿದ್ದವು. ಮೈಲುತುತ್ತವನ್ನು ಸುಣ್ಣದೊಡನೆ ಬೆರೆಸಿ ಬೆಳೆಗೆ ಸಿಂಪಡಿಸುವ ರೈತನಿಗೆ ಅದು ಮಕ್ಕಳ ಮುಖಕ್ಕೆ ಹಚ್ಚತಕ್ಕ ವಸ್ತುವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಬಣ್ಣ ತೆಗೆಯುವುದು ಕಷ್ಟದ ವಿದ್ಯೆಯೇನೂ ಅಲ್ಲ. ಹೂವಿನ ದಳಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಕುದಿಸಿದರೆ ಹಳದಿ ಬಣ್ಣ ಬಿಡುತ್ತದೆ. ಅದಕ್ಕೆ ಸುಣ್ಣದ ತಿಳಿ ಬಿಟ್ಟರೆ ಕಣ್ಣೆದುರೇ ಕೇಸರಿಗೆ ತಿರುಗುತ್ತದೆ. ಅರಿಸಿನದ ನೀರಿಗೆ ಸುಣ್ಣ ಬಿದ್ದಾಗ ರಕ್ತಗೆಂಪು ಬರುವುದೂ ಇಂಥದೇ ಕ್ಷಾರದ ಕೆಲಸ. ಓಕುಳಿ ಎಂದು ನಮ್ಮ ಹಿರಿಯರು ಕರೆದದ್ದು ಇದನ್ನೇ. ವಾಡಿ, ಸೇಡಂ, ಶಹಾಬಾದ್‌ಗಳ ನೆಲವೇ ಸುಣ್ಣದ ಕಲ್ಲು. ಸಿಮೆಂಟಿಗಾಗಿ ಬೆಟ್ಟದಂಥ ರಾಶಿಗಳನ್ನು ಅಗೆದು ಸಾಗಿಸುವ ಈ ನಾಡಿನಲ್ಲಿ, ಓಕುಳಿಗೆ ಬೇಕಾದ ಚಿಟಿಕೆ ಸುಣ್ಣಕ್ಕೆ ಬರವೇ?

ಯುರೋಪಿನ ಕ್ರೈಸ್ತ ಕುಟುಂಬಗಳು ಈಸ್ಟರ್ ಹಬ್ಬಕ್ಕೆ ಮೊಟ್ಟೆಗಳನ್ನು ಉಳ್ಳಾಗಡ್ಡಿ ಸಿಪ್ಪೆಯೊಡನೆ ಕುದಿಸಿ ಕಂದುಗೆಂಪು ಮಾಡುತ್ತವೆ. ಮೊಟ್ಟೆಯ ಚಿಪ್ಪೂ ಸುಣ್ಣದ ಜಾತಿಯದೇ. ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿದರೆ ಚಿಪ್ಪಿನ ಮೇಲ್ಮೈ ತುಸು ಕರಗಿ ಬಣ್ಣ ಹಿಡಿಯುತ್ತದೆ. ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಗುರುಗಳು ಓಕುಳಿಯನ್ನೂ ಮೊಟ್ಟೆಯನ್ನೂ ಒಂದೇ ಪಾಠವಾಗಿ ತೋರಿಸಬಹುದು. ಒಂದರಲ್ಲಿ ಕ್ಷಾರ, ಇನ್ನೊಂದರಲ್ಲಿ ಆಮ್ಲ.

ಒಂದು ಎಚ್ಚರಿಕೆ. ಮನೆಯದೆಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯಕಾರಿಯಾಗುವುದಿಲ್ಲ. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಕಣ್ಣೇ ಹಾಳಾದೀತು. ಮಕ್ಕಳ ಪಿಚಕಾರಿಗೆ ಸುಣ್ಣವಿಲ್ಲದ ಹಳದಿ ನೀರೇ ಸಾಕು. ಕೇಸರಿ ಬೇಕೆನಿಸಿದವರು ಅದನ್ನು ಬಟ್ಟೆಯ ಮೇಲೆ ನೋಡಿ ಸಂತೋಷಪಡಲಿ.

ನನ್ನ ನಿಜವಾದ ಆತಂಕ ಬೇರೆಯದು. ನೈಸರ್ಗಿಕ ಬಣ್ಣಕ್ಕೆ ಪೇಟೆಯಲ್ಲಿ ಬೆಲೆ ಬಂದಿದೆ. 'ಮುತ್ತಲ ಹೂವನ್ನು ಕಿಲೋ ಲೆಕ್ಕದಲ್ಲಿ ಮಾರಿದರೆ ಬಡವರ ಕೈಗೆ ನಾಲ್ಕು ಕಾಸು ಬರುವುದಿಲ್ಲವೇ' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಬೇಸಿಗೆಯಲ್ಲಿ ಕೂಲಿಗಾಗಿ ಗುಳೆ ಹೋಗುವ ತಾಂಡಾಗಳ ಜನರಿಗೆ ಅದನ್ನು ಹಗುರವಾಗಿ ಅಲ್ಲಗಳೆಯಲು ಯಾರಿಗೂ ಬಾಯಿಲ್ಲ. ಆದರೆ ಹೂವನ್ನು ಕಿಲೋ ಲೆಕ್ಕದಲ್ಲಿ ಕೇಳುವವನು ನೆಲಕ್ಕೆ ಬಿದ್ದುದನ್ನು ಆಯುತ್ತ ಕೂರುವುದಿಲ್ಲ, ಕೊಂಬೆಯನ್ನೇ ಕಡಿಯುತ್ತಾನೆ. ನೀರೂ ಹಸಿರೂ ಬತ್ತಿದ ಆ ದಿನಗಳಲ್ಲಿ ಸೂರಕ್ಕಿ, ಗೊರವಂಕಗಳಿಗೆ ಮುತ್ತುಗದ ಮಕರಂದವೇ ಆಸರೆ. ಆ ಹಕ್ಕಿಗಳು ಬಂದರಷ್ಟೇ ಕಾಯಿ ಕಟ್ಟೀತು.

2011ರಲ್ಲಿ ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29ನೆಯ ಕಲಮು ಅನುಮತಿಯಿಲ್ಲದೆ ಧಾಮದಿಂದ ಅರಣ್ಯ ಉತ್ಪನ್ನ ತೆಗೆಯುವುದನ್ನು ನಿಷೇಧಿಸುತ್ತದೆ. ಹಾಗೆ ಅನುಮತಿ ಪಡೆದು ತೆಗೆದದ್ದು ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಒದಗಬಹುದು, ವ್ಯಾಪಾರಕ್ಕೆ ಸಲ್ಲದು. ಈ ಗೆರೆ ಸರಿಯಾದ ಜಾಗದಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಮಾರಲೇಬೇಕೆನ್ನುವವರು ತಮ್ಮ ಹೊಲದ ಬದುವಿನಲ್ಲಿ ಬೆಳೆಸಿ ಮಾರಲಿ.

ಬೆಳೆಸುವುದೂ ಸುಲಭ. ಬೇಸಿಗೆಯ ಕೊನೆಗೆ ಚಪ್ಪಟೆ ಕಾಯಿಗಳು ಒಣಗಿ ಉದುರುತ್ತವೆ, ಕಾಯಿಗೊಂದೇ ಬೀಜ. ಹೊಸ ಬೀಜವನ್ನು ಮೊದಲ ಮಳೆಗೇ ಊರಬೇಕು. ಇಟ್ಟರೆ ಸತ್ವ ಕಳೆದುಕೊಳ್ಳುತ್ತದೆ. ಎರೆಭೂಮಿಯಲ್ಲಿ ನೀರು ನಿಂತರೂ ತಾಳಿಕೊಳ್ಳುವ ಮರವಿದು, ದನಗಳೂ ಇದರ ಎಲೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹೂವು ಕಾಣಲು ವರ್ಷಗಳು ಬೇಕು. ಅಲ್ಲಿಯವರೆಗೆ ಅಡುಗೆಮನೆಯ ಅರಿಸಿನವಿದೆ, ಉಳ್ಳಾಗಡ್ಡಿ ಸಿಪ್ಪೆಯಿದೆ.