ಗೇರುಬೀಜ ಹಡಗಲ್ಲಿ, ಹಕ್ಕು ಕಾಗದದಲ್ಲಿ: ಹೊಸ 'ಬಿಲ್ ಆಫ್ ಲೇಡಿಂಗ್' ಕಾಯ್ದೆಯಿಂದ ಬದಲಾದದ್ದೇನು?

ಕಾರ್ಕಳ: ಸಿಪಾಯಿ ದಂಗೆಗೂ ಒಂದು ವರ್ಷ ಮುಂಚೆ, 1856ರಲ್ಲಿ ಬ್ರಿಟಿಷರು ಮಾಡಿದ್ದ ಮೂರೇ ಕಲಮಿನ ಕಾಯ್ದೆಯೊಂದು 2025ರವರೆಗೂ ನಮ್ಮಲ್ಲಿ ಚಾಲ್ತಿಯಲ್ಲಿತ್ತು. ಅದರ ಜಾಗಕ್ಕೆ ಈಗ 'ಬಿಲ್ ಆಫ್ ಲೇಡಿಂಗ್ ಕಾಯ್ದೆ-2025' ಬಂದಿದೆ. ಆ ವರ್ಷ ಮಾರ್ಚ್‌ನಲ್ಲಿ ಲೋಕಸಭೆ, ಜುಲೈನಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟವು.

ಬಂದರಿನವರ ವಿಷಯ, ನಮಗೇನು ಅಂತ ಪೇಟೆಯವರಿಗೆ ಅನಿಸಬಹುದು. ಆದರೆ ಉಡುಪಿ, ದಕ್ಷಿಣ ಕನ್ನಡದ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ, ಆಫ್ರಿಕಾದಿಂದ ಕಚ್ಚಾ ಬೀಜ ಬರಬೇಕು. ಬೀಜ ಬಾರದಿದ್ದರೆ ಸಿಪ್ಪೆ ತೆಗೆಯುವ ಹೆಂಗಸರಿಗೆ ಕೆಲಸ ಇಲ್ಲ. ಅವರಿಗೆ ಸಂಬಳ ಆಗಲಿಲ್ಲ ಅಂತ ಮೊದಲು ಗೊತ್ತಾಗುವುದು ಹತ್ತಿರದ ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ.

ಲಾರಿಯಲ್ಲಿ ಮಾಲು ತರಿಸುವವರಿಗೆ ಎಲ್‌ಆರ್ ಗೊತ್ತು. ಬಿಲ್ ಆಫ್ ಲೇಡಿಂಗ್ ಅಂದರೆ ಹಡಗಿನ ಎಲ್‌ಆರ್ ಅಂದುಕೊಂಡರೆ ಅರ್ಧ ಸರಿ. ಮಾಲು ಹತ್ತಿಸಿಕೊಂಡದ್ದಕ್ಕೆ ರಸೀದಿ, ಸಾಗಣೆಯ ಕರಾರಿಗೆ ಸಾಕ್ಷಿ, ಇಷ್ಟು ಎರಡರಲ್ಲೂ ಉಂಟು. ಉಳಿದ ಅರ್ಧ ಏನೆಂದರೆ, 'ಟು ಆರ್ಡರ್' ಅಂತ ಬರೆದ ಬಿಲ್ ಮಾಲಿನ ಹಕ್ಕುಪತ್ರವೂ ಹೌದು. ಹಡಗು ಇನ್ನೂ ಸಮುದ್ರದಲ್ಲಿರುವಾಗಲೇ ಬಿಲ್‌ನ ಹಿಂಬದಿಗೆ ಸಹಿ ಹಾಕಿ ಇನ್ನೊಬ್ಬರಿಗೆ ಕೊಟ್ಟರೆ ಮಾಲು ಕೈ ಬದಲಾಯಿಸಿದ ಹಾಗೆ. ಸಾಮಾನ್ಯವಾಗಿ ಮೂರು ಅಸಲು ಪ್ರತಿ ಇರುತ್ತವೆ. ಒಂದನ್ನು ಕೊಟ್ಟು ಮಾಲು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆ ಇಲ್ಲ. ಬ್ಯಾಂಕಿನವರು ಮೂರನ್ನೂ ಕೇಳುವುದು ಅದಕ್ಕೇ.

ಹಾಗಂತ ಬಿಲ್‌ನಲ್ಲಿ ಬರೆದದ್ದೆಲ್ಲಾ ಗ್ಯಾರಂಟಿ ಅಲ್ಲ. ಚೀಲದ ಲೆಕ್ಕದ ಪಕ್ಕದಲ್ಲೇ 'ಸೆಡ್ ಟು ಕಂಟೇನ್' ಅಂತ ಇರುತ್ತದೆ, ಅಂದರೆ ಕಳಿಸಿದವರು ಹೇಳಿದ್ದನ್ನು ಬರೆದಿದ್ದೇವೆ ಅಷ್ಟೇ. ಸೀಲ್ ಹಾಕಿದ ಕಂಟೇನರ್ ಒಳಗೆ ಹಡಗಿನವರು ಇಣುಕಿರುವುದಿಲ್ಲ. ಕಳಿಸುವಾಗಲೇ ಬೀಜ ಹುಳ ಹಿಡಿದಿದ್ದರೆ ಆ ಜಗಳ ಮಾರಿದವನ ಹತ್ತಿರವೇ.

ಈ ಕಾಗದದ ಬೆಲೆ ಏನು ಅಂತ ತೋರಿಸಿದ್ದು 2025ರ ಮೇ ತಿಂಗಳ ಅವಘಡ. ವಿಳಿಞಂನಿಂದ ಕೊಚ್ಚಿಗೆ ಹೊರಟಿದ್ದ 'ಎಂಎಸ್‌ಸಿ ಎಲ್ಸಾ 3' ಹಡಗು 640 ಕಂಟೇನರ್‌ಗಳ ಸಮೇತ ಮೇ 25ರಂದು ಮುಳುಗಿತು. ಅದರಲ್ಲಿ ಗೇರುಬೀಜವೂ ಇತ್ತು. ಬೀಜ ಕಳೆದುಕೊಂಡ ಆಮದುದಾರರು ಕೇರಳ ಹೈಕೋರ್ಟಿಗೆ ಹೋದರು. ಎಂಎಸ್‌ಸಿಯ ಇನ್ನೊಂದು ಹಡಗನ್ನೇ ತಡೆಹಿಡಿಯಲು ಕೋರ್ಟ್ ಆದೇಶಿಸಿತು. ಇಂಥ ದಾವೆಯಲ್ಲಿ ಬರುವ ಮೊದಲ ಪ್ರಶ್ನೆ: ಬಿಲ್ ಯಾರ ಹೆಸರಲ್ಲಿದೆ, ಯಾರಿಗೆ ಎಂಡಾರ್ಸ್ ಆಗಿದೆ? ಹಳೇ ಕಾಯ್ದೆ ದಾವೆಯ ಹಕ್ಕು ಕೊಟ್ಟದ್ದು ಅವರಿಗೇ, ಹೊಸದೂ ಅವರಿಗೇ ಕೊಡುತ್ತದೆ. ದಾವೆ ಹೂಡಲು ಸಾಮಾನ್ಯವಾಗಿ ಇರುವುದು ಒಂದೇ ವರ್ಷ. ಮಾತುಕತೆ ನಡೀತಾ ಇದೆ ಅಂತ ಕಾದು ಕೂತವರಿಗೆ ಆ ವರ್ಷ ಹೇಗೆ ಕಳೆಯಿತು ಅಂತಲೇ ಗೊತ್ತಾಗುವುದಿಲ್ಲ.

ಹಾಗಾದರೆ ಹೊಸತೇನು? ಭಾಷೆ ಸರಳವಾಗಿದೆ, ಕಲಮುಗಳನ್ನು ಬಿಡಿಸಿ ಬರೆದಿದ್ದಾರೆ, ಜಾರಿಗಾಗಿ ನಿರ್ದೇಶನ ಕೊಡುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿದೆ. ನೇರವಾಗಿ ಹೇಳಬೇಕೆಂದರೆ ಹಳೇ ಮನೆಗೆ ಸುಣ್ಣ ಬಳಿದ ಹಾಗೆ.

ವ್ಯಾಪಾರಸ್ಥರಿಗೆ ನಿಜವಾಗಿ ತಲೆನೋವಾಗಿರುವುದು ಬೇರೆ. ಹಡಗು ಬಂದರಿಗೆ ಬಂದಿರುತ್ತದೆ, ಅಸಲು ಬಿಲ್ ಇನ್ನೂ ಬ್ಯಾಂಕಿಂದ ಬ್ಯಾಂಕಿಗೆ ತಿರುಗುತ್ತಿರುತ್ತದೆ. ಅಸಲು ಇಲ್ಲದೆ ಮಾಲು ಬಿಡುವುದಿಲ್ಲ. ಪುಕ್ಕಟೆ ದಿನಗಳು ಮುಗಿದ ಮೇಲೆ ಕಂಟೇನರಿಗೆ ದಿನದ ಲೆಕ್ಕದಲ್ಲಿ ಬಾಡಿಗೆ. ತುರ್ತಾದರೆ ಬ್ಯಾಂಕ್ ಗ್ಯಾರಂಟಿ ಕೊಟ್ಟು ಬಿಡಿಸಿಕೊಳ್ಳಬೇಕು, ಅದಕ್ಕೂ ಕಮಿಷನ್ ಉಂಟು. ದೊಡ್ಡ ಕಂಪನಿ ತಡೆದುಕೊಳ್ಳಬಹುದು. ಎರಡು-ಮೂರು ಕಂಟೇನರ್ ತರಿಸುವ ಸಣ್ಣ ಕಾರ್ಖಾನೆಯ ಲಾಭ ಅಲ್ಲೇ ಕರಗಿಹೋಗುತ್ತದೆ.

ಇದಕ್ಕೆ ಮದ್ದು ಎಲೆಕ್ಟ್ರಾನಿಕ್ ಬಿಲ್. ಯಾವ ಬ್ರಿಟನ್ನಿನ ಹಳೇ ಕಾನೂನನ್ನು ನೋಡಿ ನಮ್ಮ 1856ರ ಕಾಯ್ದೆ ಆಯಿತೋ, ಅದೇ ಬ್ರಿಟನ್ 2023ರಲ್ಲೇ ಎಲೆಕ್ಟ್ರಾನಿಕ್ ಬಿಲ್‌ಗೆ ಕಾಗದದ ಸಮಾನ ಮಾನ್ಯತೆ ಕೊಟ್ಟಿತು. ನಮ್ಮ 2025ರ ಕಾಯ್ದೆಯಲ್ಲಿ ಈ ಬಗ್ಗೆ ನೇರವಾದ ಒಂದು ಮಾತಿಲ್ಲ. ತರಕಾರಿ ಅಂಗಡಿಯಲ್ಲೂ ಯುಪಿಐ ಇರುವ ದೇಶದಲ್ಲಿ ಇದನ್ನು ಯಾಕೆ ಬಿಟ್ಟರೋ! ಪಶ್ಚಿಮ ಆಫ್ರಿಕಾದ ಬೀಜದ ಸುಗ್ಗಿ ಪ್ರತಿ ವರ್ಷ ಫೆಬ್ರವರಿ ಹೊತ್ತಿಗೆ ಶುರುವಾಗುತ್ತದೆ. ಕಾನೂನಿನಲ್ಲಿ ಈ ದಾರಿ ತೆರೆಯುವವರೆಗೆ ಬೀಜ ತರಿಸುವವರು ಹಡಗಿನ ಜೊತೆಗೆ ಕೊರಿಯರ್‌ಗೂ ಕಾಯಬೇಕು.